ಒಂದಕ್ಕೆ ಹೋಗಲು ಯಾರ ಅಪ್ಪಣೆ ಬೇಕು?

ಸಂಜೆ ನಾಲ್ಕೂವರೆ ದಾಟಿತೆಂದರೆ ಕಲಬುರಗಿಯ ಖೂಬಾ ಪ್ಲಾಟ್‌ನ ಓಣಿಗಳಿಗೆ ಶಾಲಾ ವ್ಯಾನುಗಳು, ಮಕ್ಕಳನ್ನು ತುಂಬಿಕೊಂಡ ಆಟೊಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಳಿದವರಲ್ಲಿ ಕೆಲವರು ಗೇಟಿನ ಹತ್ತಿರ ನಿಂತು ಗೆಳೆಯರಿಗೆ ಕೈ ಬೀಸುತ್ತಾರೆ. ಇನ್ನು ಕೆಲವರಿಗೆ ಅಷ್ಟು ಪುರಸೊತ್ತಿರುವುದಿಲ್ಲ. ಬ್ಯಾಗನ್ನು ಪಡಸಾಲೆಯಲ್ಲೇ ಒಗೆದು, ಬೂಟು ಕೂಡ ಬಿಚ್ಚದೆ, ನೇರ ಬಚ್ಚಲುಮನೆಗೆ ಓಡುತ್ತಾರೆ. ತಾಯಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ನೋಡಿದರೆ ಬೆಳಿಗ್ಗೆ ತುಂಬಿ ಕಳಿಸಿದ ನೀರು ಮುಕ್ಕಾಲು ಪಾಲು ಹಾಗೇ ಇದೆ. "ಯಾಕ ನೀರು ಕುಡದಿಲ್ಲ?" ಎಂದು ಕೇಳಿದರೆ ಉತ್ತರ ಸಿದ್ಧವಿದೆ: "ಕುಡದ್ರ ಒಂದಕ್ಕ ಬರ್ತದ. ಟೀಚರ್ ಬಿಡಂಗಿಲ್ಲ."

ಮಗು ಹಟ ಮಾಡುತ್ತಿಲ್ಲ, ಸುಳ್ಳೂ ಹೇಳುತ್ತಿಲ್ಲ. ತನ್ನ ಮಟ್ಟಿಗೆ ಅದು ಸರಿಯಾದ ಲೆಕ್ಕವನ್ನೇ ಹಾಕಿದೆ. ತರಗತಿಯಿಂದ ಹೊರಗೆ ಬಿಡುವುದಿಲ್ಲ ಎಂದಾದರೆ ಹೋಗಬೇಕಾದ ಪ್ರಸಂಗವೇ ಬಾರದಂತೆ ನೋಡಿಕೊಳ್ಳಬೇಕು. ಅದಕ್ಕಿರುವ ದಾರಿ ನೀರು ಬಿಡುವುದು. ಶೌಚಾಲಯಕ್ಕೆ ಯಾವಾಗ ಬಿಡಬೇಕು, ಯಾವಾಗ ಬಿಡಬಾರದು ಎಂಬುದನ್ನು ನಾವು ಶಿಸ್ತಿನ ವಿಷಯವೆಂದುಕೊಂಡಿದ್ದೇವೆ. ವಾಸ್ತವದಲ್ಲಿ ಅದು ಮಗು ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂದು ತೀರ್ಮಾನಿಸುವ ನಿಯಮ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಇದು. ಬಿಸಿಲಿಗೆ ಅಂಜಿ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಸುವ ರೂಢಿಯಿದೆ. ದೊಡ್ಡವರಿಗಾಗಿ ಗಡಿಯಾರವನ್ನೇ ಹಿಂದೆ ಸರಿಸುವ ಈ ಊರಿನಲ್ಲಿ ಮಕ್ಕಳು ಗಂಟಲು ಒಣಗಿಸಿಕೊಂಡು ಕೂರುವುದನ್ನು ನಾವು ಗಮನಿಸಿಯೇ ಇಲ್ಲ.

ಬರೆಯದೇ ಇರುವ ನಿಯಮಗಳು

ಈ ನಿಯಮಗಳನ್ನು ಗೋಡೆಗೆ ಅಂಟಿಸಿರುವುದು ಅಪರೂಪ. ಒಬ್ಬ ಶಿಕ್ಷಕರಿಂದ ಇನ್ನೊಬ್ಬರಿಗೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಅವು ಬಾಯಿಂದ ಬಾಯಿಗೆ ಬಂದಿವೆ. ಮೊದಲ ಪಿರಿಯಡ್‌ನಲ್ಲಿ ಕೇಳುವಂತಿಲ್ಲ, ಮನೆಯಿಂದ ಈಗಷ್ಟೇ ಬಂದಿದ್ದೀರಿ. ಇಂಟರ್ವಲ್ ಮುಗಿದ ಕೂಡಲೇ ಕೇಳುವಂತಿಲ್ಲ, ಆಗ ಏನು ಮಾಡುತ್ತಿದ್ದಿರಿ? ಬೋರ್ಡಿನ ಮೇಲಿರುವುದನ್ನು ಬರೆದು ಮುಗಿಸಿದವರಿಗೆ ಮಾತ್ರ ಅನುಮತಿ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು. ದಿನಕ್ಕೆ ಎರಡೇ ಸಲ. ಕೆಲವು ಕಡೆ ಮಾನಿಟರ್ ಹೆಸರು ಬರೆದುಕೊಳ್ಳುತ್ತಾನೆ. ಕೆಲವು ಇಂಗ್ಲಿಷ್ ಮಾಧ್ಯಮದ ತರಗತಿಗಳಲ್ಲಿ 'ಮೇ ಐ ಗೋ' ಎಂದು ಶುರುವಾಗುವ ಇಡೀ ವಾಕ್ಯವನ್ನು ತಪ್ಪಿಲ್ಲದೆ ಹೇಳಬೇಕು. ಎಲ್‌ಕೆಜಿಯ ಮಗುವಿಗೆ ಆ ವಾಕ್ಯ ಬಾಯಿಗೆ ಬರುವಷ್ಟರಲ್ಲಿ ಚಡ್ಡಿ ಒದ್ದೆಯಾಗಿರುತ್ತದೆ. ಕನ್ನಡ ಶಾಲೆಗಳಲ್ಲಿ ಕಿರುಬೆರಳು ಎತ್ತಿದರೆ ಸಾಕು ಎಂಬ ಹಳೆಯ ಪದ್ಧತಿ ಇನ್ನೂ ಉಳಿದಿದೆ; ಬೆರಳು ನೋಡಿದ ಮೇಲೂ "ಈಗರೆ ಹೋಗಿ ಬಂದಿದ್ದಿ, ಸುಮ್ಕ ಕುಂದ್ರು, ತಡಕೊ" ಎಂಬ ಉತ್ತರವೂ ಉಳಿದಿದೆ.

ಶಿಕ್ಷಕರನ್ನು ಕ್ರೂರಿಗಳೆಂದು ಕರೆದು ಈ ಮಾತನ್ನು ಇಲ್ಲಿಗೇ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಅವರ ಕಷ್ಟ ನಿಜವಾದದ್ದು. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಶೇ 91.12ರೊಂದಿಗೆ ದಕ್ಷಿಣ ಕನ್ನಡ ಮೊದಲ ಸ್ಥಾನದಲ್ಲಿತ್ತು, ಶೇ 42.43ರೊಂದಿಗೆ ಕಲಬುರಗಿ ಕೊನೆಯ ಸ್ಥಾನದಲ್ಲಿತ್ತು. ಆ ಸಂಖ್ಯೆಯ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ? ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಪಾಠ ಮುಗಿಸಬೇಕಾದ ಶಿಕ್ಷಕಿಯ ಮೇಲೆಯೇ. ಒಬ್ಬ ಎದ್ದರೆ ಐವರು ಏಳುತ್ತಾರೆ ಎಂಬುದು ತರಗತಿ ನಡೆಸಿದವರಿಗೆಲ್ಲ ಗೊತ್ತು. ಪಾಠ ಬೇಸರವಾಗಿ ಹೊರಗೆ ತಿರುಗಾಡಲು ಹೋಗುವ ಹುಡುಗರೂ ಇರುತ್ತಾರೆ.

ಇದಕ್ಕಿಂತ ದೊಡ್ಡದು ಭಯ. 2014ರ ಜುಲೈನಲ್ಲಿ ಬೆಂಗಳೂರಿನ ಮಾರತ್ತಹಳ್ಳಿ ಭಾಗದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ದೌರ್ಜನ್ಯ ಇಡೀ ರಾಜ್ಯವನ್ನು ಬೀದಿಗಿಳಿಸಿತು. 2017ರ ಸೆಪ್ಟೆಂಬರ್‌ನಲ್ಲಿ ಗುರುಗ್ರಾಮದ ಶಾಲೆಯ ಶೌಚಾಲಯದಲ್ಲೇ ಏಳು ವರ್ಷದ ಬಾಲಕನ ಕೊಲೆಯಾಯಿತು. ಅಂದಿನಿಂದ ಮಗುವನ್ನು ಒಂಟಿಯಾಗಿ ಕಳಿಸಲು ಶಿಕ್ಷಕರ ಕೈ ನಡುಗುತ್ತದೆ. ಜತೆಗೆ ಕಳಿಸಲು ಆಯಾ ಇಲ್ಲ. ತಾವೇ ಹೋದರೆ ಉಳಿದ ಐವತ್ತು ಮಕ್ಕಳನ್ನು ನೋಡುವವರಿಲ್ಲ. ಹಾಗಾಗಿ 'ತಡಕೊ' ಎಂಬುದು ಅತ್ಯಂತ ಸುಲಭದ ಉತ್ತರವಾಗಿ ಒದಗಿಬರುತ್ತದೆ.

ಕಲಬುರಗಿಗೇ ವಿಶಿಷ್ಟವಾದ ಇನ್ನೊಂದು ಕಾರಣವೂ ಇದೆ. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಬಯಲಾದಾಗ ತನಿಖೆಯ ಕೇಂದ್ರದಲ್ಲಿದ್ದದ್ದು ಇದೇ ನಗರದ ಒಂದು ಪರೀಕ್ಷಾ ಕೇಂದ್ರ. ಎರಡು ವರ್ಷದ ಬಳಿಕ, 2023ರ ಅಕ್ಟೋಬರ್‌ನಲ್ಲಿ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆಯಲ್ಲಿ ಬ್ಲೂಟೂತ್ ಬಳಸಿದ ಪ್ರಕರಣ ಕಲಬುರಗಿ, ಯಾದಗಿರಿಗಳಲ್ಲೇ ಸಿಕ್ಕಿತು. ಆ ಮೇಲೆ ಪರೀಕ್ಷಾ ಕೊಠಡಿಯಿಂದ ಹೊರಗೆ ಕಾಲಿಡುವ ಪ್ರತಿ ವಿದ್ಯಾರ್ಥಿಯೂ ಸಂಶಯದ ಕಣ್ಣಿಗೆ ಬೀಳುತ್ತಾನೆ. ದೊಡ್ಡವರು ದುಡ್ಡಿಗಾಗಿ ಮಾಡಿದ ಅಪರಾಧಕ್ಕೆ, ಮೂರು ತಾಸು ಹದಿನೈದು ನಿಮಿಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆಯುವ ಹದಿನಾರರ ಹುಡುಗಿ ಮುಟ್ಟಿನ ದಿನವೂ ಅಲುಗಾಡದೆ ಕೂರಬೇಕಾಗಿದೆ. ನಕಲು ತಡೆಯಲು ಮಹಿಳಾ ಸಿಬ್ಬಂದಿಯೊಬ್ಬರನ್ನು ಶೌಚಾಲಯದ ಹೊರಗೆ ನಿಲ್ಲಿಸಿದರೆ ಸಾಕು. ಹೋಗಲೇ ಬೇಡ ಎನ್ನುವುದು ತಪಾಸಣೆ ಅಲ್ಲ.

ಮೈ ಕೇಳುವ ಲೆಕ್ಕ

ಮಕ್ಕಳ ಮೂತ್ರಕೋಶದ ಸಾಮರ್ಥ್ಯ ಅಂದಾಜು ಮಾಡಲು ವೈದ್ಯರು ಬಳಸುವ ಸರಳ ಸೂತ್ರವೊಂದಿದೆ. ವಯಸ್ಸಿಗೆ ಒಂದು ಕೂಡಿಸಿ, 30ರಿಂದ ಗುಣಿಸಿ. ಎರಡನೇ ತರಗತಿಯ ಏಳು ವರ್ಷದ ಮಗುವಿಗೆ ಅದು 240 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ಐದನೇ ತರಗತಿಯ ಹತ್ತು ವರ್ಷದವರಿಗೆ 330. ಪಾಠ ಮಾಡುವವರ ಮೂತ್ರಕೋಶ ಇದಕ್ಕಿಂತ ಎಷ್ಟೋ ದೊಡ್ಡದು. ತಮ್ಮ ಮೈ ತಡೆಯುವಷ್ಟು ಹೊತ್ತನ್ನು ಮಗುವಿನ ಮೈಯಿಂದಲೂ ನಿರೀಕ್ಷಿಸಿದರೆ ಆಗುವ ಮಾತಲ್ಲ. ಶಾಲೆಗೆ ಹೋಗುವ ವಯಸ್ಸಿನ ಆರೋಗ್ಯವಂತ ಮಗು ದಿನಕ್ಕೆ ನಾಲ್ಕರಿಂದ ಏಳು ಸಲ ಮೂತ್ರ ಮಾಡುತ್ತದೆ. ವ್ಯಾನಿನ ಹೊತ್ತೂ ಸೇರಿ ಎಂಟೊಂಬತ್ತು ತಾಸು ಮನೆಯಿಂದ ಹೊರಗಿರುವ ಮಗು ಅಷ್ಟರಲ್ಲಿ ಎರಡು ಮೂರು ಸಲವಾದರೂ ಹೋಗಲೇಬೇಕು. ಒಮ್ಮೆಯೂ ಹೋಗದೆ ಮನೆಗೆ ಬಂದರೆ ಅದರ ಮೈಯಲ್ಲಿ ಏನೋ ಸರಿಯಿಲ್ಲ, ಇಲ್ಲವೇ ಅದರ ಶಾಲೆಯಲ್ಲಿ ಏನೋ ಸರಿಯಿಲ್ಲ.

ತಡೆದುಕೊಳ್ಳುವುದು ಒಂದು ದಿನದ ಮಾತಾದರೆ ಮೈ ಕ್ಷಮಿಸುತ್ತದೆ. ವರ್ಷವಿಡೀ ನಡೆದರೆ ಅಭ್ಯಾಸವಾಗುತ್ತದೆ. ಮೂತ್ರದ್ವಾರದ ಸುತ್ತಲಿನ ಸ್ನಾಯುಗಳನ್ನು ಬಿಗಿಹಿಡಿದು ಹಿಡಿದು, ಕೊನೆಗೆ ಶೌಚಾಲಯದಲ್ಲಿ ಕುಳಿತಾಗಲೂ ಅವನ್ನು ಸಡಿಲಿಸುವುದು ಮಗುವಿಗೆ ಬಾರದಂತಾಗುತ್ತದೆ. ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಉಳಿದದ್ದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಹುಡುಗಿಯರ ಮೂತ್ರನಾಳ ಗಿಡ್ಡದಾದ್ದರಿಂದ ಸೋಂಕು ಅವರಿಗೆ ಬೇಗ ತಗಲುತ್ತದೆ, ಮತ್ತೆ ಮತ್ತೆ ತಗಲುತ್ತದೆ. ಸೋಂಕು ಮೂತ್ರಪಿಂಡದವರೆಗೆ ಏರಿದರೆ ಅಲ್ಲಿ ಕಲೆ ಉಳಿಯಬಹುದು. ಎರಡಕ್ಕೆ ಹೋಗುವುದನ್ನು ತಡೆದರೆ ಮಲಬದ್ಧತೆ. ತುಂಬಿಕೊಂಡ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಹಗಲಿನಲ್ಲೇ ಬಟ್ಟೆ ಒದ್ದೆಯಾಗುತ್ತದೆ. ಆಗ ಅದೇ ಮಗುವಿಗೆ ತರಗತಿಯಲ್ಲಿ ಇಡುವ ಅಡ್ಡಹೆಸರು ಏನೆಂದು ಹೇಳಬೇಕಾಗಿಲ್ಲ.

ಒಂದು ಭಂಗಿಯನ್ನು ಪ್ರತಿಯೊಬ್ಬ ಪ್ರಾಥಮಿಕ ಶಾಲಾ ಶಿಕ್ಷಕರೂ ಗುರುತಿಸಲು ಕಲಿಯಬೇಕು. ಆಡುತ್ತಿದ್ದ ಅಥವಾ ಸಾಲಿನಲ್ಲಿ ನಿಂತಿದ್ದ ಹುಡುಗಿ ಇದ್ದಕ್ಕಿದ್ದಂತೆ ಕುಕ್ಕರಗಾಲಿನಲ್ಲಿ ಕೂತು, ಒಂದು ಹಿಮ್ಮಡಿಯನ್ನು ತೊಡೆಸಂದಿಗೆ ಒತ್ತಿಕೊಳ್ಳುತ್ತಾಳೆ. ಮುಖ ಬಿಗಿದಿರುತ್ತದೆ, ಕಣ್ಣು ಎಲ್ಲೋ ನೆಟ್ಟಿರುತ್ತದೆ. ಅರ್ಧ ನಿಮಿಷದ ಬಳಿಕ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಾಳೆ. ನೋಡಿದವರು ಬೂಟಿನ ದಾರ ಕಟ್ಟಿಕೊಂಡಳು ಎಂದುಕೊಳ್ಳುತ್ತಾರೆ. ವೈದ್ಯಲೋಕದಲ್ಲಿ ಇದಕ್ಕೆ 'ವಿನ್ಸೆಂಟ್ಸ್ ಕರ್ಟ್ಸಿ' ಎಂಬ ಹೆಸರಿದೆ. 1966ರಲ್ಲಿ ವಿನ್ಸೆಂಟ್ ಎಂಬ ವೈದ್ಯರು ದಾಖಲಿಸಿದ ಲಕ್ಷಣ ಅದು. ತಾನಾಗಿ ಸಂಕುಚಿಸುತ್ತಿರುವ ಮೂತ್ರಕೋಶವನ್ನು ಮಗು ಹಿಮ್ಮಡಿಯಿಂದ ಒತ್ತಿ ತಡೆಯುವ ಪ್ರಯತ್ನ ಅದು. ಅಂಥ ಮಗುವಿಗೆ ಬೇಕಾದದ್ದು ಆ ಕ್ಷಣದ ಅನುಮತಿ, ಬಳಿಕ ವೈದ್ಯರ ಭೇಟಿ.

ಮೇಲಿಂದ ಮೇಲೆ ಅನುಮತಿ ಕೇಳುವ ಮಗುವಿನ ವಿಷಯದಲ್ಲೂ ಎಚ್ಚರ ಬೇಕು. ಇದ್ದಕ್ಕಿದ್ದಂತೆ ಪದೇ ಪದೇ ಒಂದಕ್ಕೆ ಹೋಗುವುದು, ವಿಪರೀತ ಬಾಯಾರಿಕೆ, ತೂಕ ಇಳಿಯುವುದು, ಇವು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಟೈಪ್ 1 ಮಧುಮೇಹದ ಮೊದಲ ಲಕ್ಷಣಗಳು. ಚಿಕಿತ್ಸೆ ತಡವಾದರೆ ಪ್ರಾಣಕ್ಕೆ ಸಂಚಕಾರ. ದಿನದ ಬಹುಪಾಲು ಮಗುವನ್ನು ಕಣ್ಣೆದುರು ಇಟ್ಟುಕೊಳ್ಳುವವರು ಶಿಕ್ಷಕರು. ಮನೆಯವರಿಗಿಂತ ಮೊದಲು ಅವರಿಗೇ ಇದು ಕಾಣುತ್ತದೆ. 'ಇವನದು ಯಾವಾಗಲೂ ಇದೇ ನೆಪ' ಎಂದು ಕೂರಿಸಿದರೆ ಆ ಸೂಚನೆ ಅಲ್ಲೇ ಮುಚ್ಚಿಹೋಗುತ್ತದೆ.

ಈಗ ಇಂಟರ್ವಲ್ ಲೆಕ್ಕ ನೋಡೋಣ. ಕೇಂದ್ರ ಸರ್ಕಾರದ 'ಸ್ವಚ್ಛ ವಿದ್ಯಾಲಯ' ಕೈಪಿಡಿ 40 ಮಕ್ಕಳಿಗೆ ಒಂದು ಘಟಕ ಇರಬೇಕೆನ್ನುತ್ತದೆ. ಒಂದು ಘಟಕವೆಂದರೆ ಒಂದು ಶೌಚಾಲಯ, ಮೂರು ಮೂತ್ರಾಲಯ. ಇನ್ನೂರು ಹುಡುಗಿಯರಿರುವ ಶಾಲೆಯಲ್ಲಿ ಐದು ಘಟಕಗಳಿವೆ ಎಂದುಕೊಳ್ಳಿ. ಬಾಗಿಲು, ಚಿಲಕ ಇರುವ ಕೋಣೆಗಳನ್ನು ಮಾತ್ರ ಹುಡುಗಿಯರು ಬಳಸುತ್ತಾರೆ, ಅವು ಐದು. ಒಬ್ಬಳಿಗೆ ಎರಡು ನಿಮಿಷ ಹಿಡಿದರೂ ಹತ್ತು ನಿಮಿಷದ ಬಿಡುವಿನಲ್ಲಿ ಹೋಗಿ ಬರುವವರು 25 ಜನ. ಉಳಿದ 175 ಹುಡುಗಿಯರು ಗಂಟೆ ಬಾರಿಸಿದಾಗ ಇನ್ನೂ ಸಾಲಿನಲ್ಲಿರುತ್ತಾರೆ, ಇಲ್ಲವೇ ಸಾಲನ್ನು ನೋಡಿಯೇ ಹಿಂದಕ್ಕೆ ಬಂದಿರುತ್ತಾರೆ. ನಿಯಮದ ಪ್ರಕಾರ ಎಲ್ಲವೂ ಇರುವ ಶಾಲೆಯ ಲೆಕ್ಕ ಇದು. 'ಇಂಟರ್ವಲ್‌ನಲ್ಲಿ ಹೋಗಬೇಕಿತ್ತು' ಎಂಬ ಮಾತನ್ನು ಯಾವ ಶಿಕ್ಷಕರೂ ಈ ಲೆಕ್ಕ ಹಾಕಿದ ಮೇಲೆ ಆಡಲಾರರು.

ಕಾಗದದ ಮೇಲಿನ ಶೌಚಾಲಯ

ಕಾನೂನು ನಮ್ಮಲ್ಲಿ ಕಡಿಮೆಯಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಗಂಡು ಮತ್ತು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಎಲ್ಲರಿಗೂ ಸುರಕ್ಷಿತ ಕುಡಿಯುವ ನೀರು ಇರಲೇಬೇಕು ಎನ್ನುತ್ತದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವನ್ನು ಶೌಚಾಲಯದಲ್ಲಿ ಕೂಡಿಹಾಕುವುದು ಶಿಕ್ಷೆ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳಿದೆ. ಶೌಚಾಲಯಕ್ಕೆ ಬಿಡದೆ ತರಗತಿಯಲ್ಲಿ ಕೂಡಿಹಾಕಿದರೂ ಮಗು ಅನುಭವಿಸುವ ಸಂಕಟ ಕಡಿಮೆಯದಲ್ಲ. ನನ್ನ ಪ್ರಕಾರ ಅದೂ 17ನೇ ಸೆಕ್ಷನ್ನಿನ ವ್ಯಾಪ್ತಿಗೇ ಬರಬೇಕು.

ದೇಶದ ಎಲ್ಲ ಶಾಲೆಗಳಲ್ಲೂ ಆರು ತಿಂಗಳೊಳಗೆ ಶೌಚಾಲಯ, ಕುಡಿಯುವ ನೀರು ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್ 3ರಂದು ಆದೇಶಿಸಿತು. 2014ರ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಪ್ರಧಾನಿ ಇದನ್ನೇ ರಾಷ್ಟ್ರೀಯ ಗುರಿಯೆಂದು ಸಾರಿದರು. ಒಂದೇ ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶೌಚಾಲಯ ಕಟ್ಟಿದ್ದಾಗಿ ಸರ್ಕಾರ ಹೇಳಿತು. ಅವುಗಳಲ್ಲಿ ಸಾರ್ವಜನಿಕ ಉದ್ದಿಮೆಗಳು ಕಟ್ಟಿಸಿದವನ್ನು ಮಹಾಲೇಖಪಾಲರು ಪರಿಶೀಲಿಸಿದಾಗ ಸಿಕ್ಕ ಚಿತ್ರ ಬೇರೆ. 2020ರಲ್ಲಿ ಸಂಸತ್ತಿನ ಮುಂದೆ ಬಂದ ಆ ವರದಿಯ ಪ್ರಕಾರ, ಸಮೀಕ್ಷೆ ಮಾಡಿದ ಶೌಚಾಲಯಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚಿನವಕ್ಕೆ ಹರಿಯುವ ನೀರೇ ಇರಲಿಲ್ಲ. ಗೋಡೆ ಕಟ್ಟಿದ್ದರು, ಬಣ್ಣ ಹೊಡೆದಿದ್ದರು, ನಲ್ಲಿಗೆ ನೀರು ತಂದಿರಲಿಲ್ಲ.

ನೀರಿನ ಮಾತು ಬಂದರೆ ಕಲಬುರಗಿಯವರಿಗೆ ವಿವರಿಸಿ ಹೇಳಬೇಕಿಲ್ಲ. ಸರಡಗಿ ಬಳಿ ಭೀಮೆಯಿಂದ, ಬೆಣ್ಣೆತೊರೆಯಿಂದ ನೀರು ತರುವ ನಗರ ಇದು. 2008ರಲ್ಲೇ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಜೊತೆಗೆ ಕಲಬುರಗಿಯ ಆಯ್ದ ಬಡಾವಣೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು. ಅಷ್ಟು ವರ್ಷಗಳ ಬಳಿಕವೂ ನಗರದ ಎಷ್ಟೋ ಓಣಿಗಳಲ್ಲಿ ನಳ ಬರುವ ದಿನಕ್ಕಾಗಿ ಕಾದು ಕೊಡ ತುಂಬಿಸಿಕೊಳ್ಳುವುದು ತಪ್ಪಿಲ್ಲ. ಮನೆಗೇ ನೀರಿಲ್ಲದ ಕಡೆ ಶಾಲೆಯ ಶೌಚಾಲಯಕ್ಕೆ ಎಲ್ಲಿಂದ ಬರಬೇಕು? ನೀರಿಲ್ಲದ ಶೌಚಾಲಯಕ್ಕೆ ಬೀಗ ಬೀಳುತ್ತದೆ. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ. ಆಮೇಲೆ ಬಾಲಕಿ ಅನುಮತಿಯ ಜೊತೆಗೆ ಕೀಲಿಯನ್ನೂ ಕೇಳಬೇಕು, ಅದೂ ನಾಲ್ಕು ಜನ ಗುರುಗಳು ಕೂತಿರುವ ಕೋಣೆಗೆ ಹೋಗಿ.

ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೋದರೆ ಸಮಸ್ಯೆಯ ಸ್ವರೂಪ ಬೇರೆಯಾಗುತ್ತದೆ. ಕೆಂಪು ಬಾಳೆಗೆ ಹೆಸರಾದ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಊರು ಅದು. ಸುತ್ತ ಹಳ್ಳಿಗಳು, ತಾಂಡಾಗಳು. ಅಲ್ಲಿ ಗುರುಗಳು ಬೇಡವೆನ್ನುವುದು ಕಡಿಮೆ. ಮನೆ ಹತ್ತಿರವಿದ್ದ ಹುಡುಗಿಯರು ಬಿಡುವಿನಲ್ಲಿ ಮನೆಗೆ ಹೋಗುತ್ತಾರೆ, ಹೋದವರಲ್ಲಿ ಕೆಲವರು ಅಂದು ತಿರುಗಿ ಬರುವುದಿಲ್ಲ. ಮುಟ್ಟಿನ ದಿನಗಳಲ್ಲಂತೂ ಬರುವುದೇ ಇಲ್ಲ. ಪ್ಯಾಡನ್ನು ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು. ಬದಲಿಸಲು ಬಾಗಿಲಿರುವ ಕೋಣೆ, ತೊಳೆಯಲು ನೀರು, ಬಿಸಾಡಲು ಬುಟ್ಟಿ ಬೇಕು. ರಾಜ್ಯ ಸರ್ಕಾರದ 'ಶುಚಿ' ಯೋಜನೆಯಲ್ಲಿ ಹದಿಹರೆಯದ ಹುಡುಗಿಯರಿಗೆ ಪ್ಯಾಡ್ ಕೊಡುವ ಕೆಲಸ 2013–14ರಲ್ಲಿ ಆರಂಭವಾಗಿ, ನಡುವೆ ನಿಂತು, ಮತ್ತೆ ಶುರುವಾಗಿದೆ. ಪ್ಯಾಡ್ ಕೊಟ್ಟು, ಅದನ್ನು ಬದಲಿಸಲು ಎದ್ದು ಹೋಗಲು ಅನುಮತಿ ಕೊಡದಿದ್ದರೆ ಆ ಯೋಜನೆ ಅರ್ಧಕ್ಕೇ ನಿಂತಂತೆ. ಮುಟ್ಟಾದ ಹುಡುಗಿ ಇಡೀ ತರಗತಿಯ ಎದುರು, ಅದರಲ್ಲೂ ಗಂಡಸು ಶಿಕ್ಷಕರಿಗೆ, ಕಾರಣ ಹೇಳಬೇಕಾಗಿ ಬರುವುದು ಎಷ್ಟು ಕಠಿಣವೆಂದು ಆ ಶಿಕ್ಷಕರೇ ಒಂದು ಕ್ಷಣ ಯೋಚಿಸಬೇಕು.

ಇನ್ನು ಸ್ವಚ್ಛ ಮಾಡುವವರು ಯಾರು? ಈ ಪ್ರಶ್ನೆಗೆ ನಮ್ಮ ರಾಜ್ಯ ಕೊಟ್ಟಿರುವ ಉತ್ತರಗಳಲ್ಲಿ ಅತ್ಯಂತ ನಾಚಿಕೆಗೇಡಿನದು 2023ರ ಡಿಸೆಂಬರ್‌ನಲ್ಲಿ ಬಯಲಾಯಿತು. ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದರು. ಸಿಬ್ಬಂದಿ ಅಮಾನತಾದರು, ಬಂಧನವಾಯಿತು. ಮಕ್ಕಳಿಂದ ಶೌಚಾಲಯ ತೊಳೆಸಬಾರದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಸುತ್ತೋಲೆ ಸರಿಯಾದದ್ದೇ. ಆದರೆ ಸ್ವಚ್ಛತಾ ಸಿಬ್ಬಂದಿಯನ್ನು ಕೊಡದೆ ಹೊರಡಿಸಿದ ಸುತ್ತೋಲೆಯ ಫಲ ಏನೆಂದರೆ, ಶೌಚಾಲಯ ಇನ್ನಷ್ಟು ಗಲೀಜಾಗುತ್ತದೆ, ಬೀಗ ಇನ್ನಷ್ಟು ಗಟ್ಟಿಯಾಗುತ್ತದೆ. ತೊಳೆಯುವ ಕೈಗೆ ಸಂಬಳ ಕೊಡುವ ಮಾತು ಬಂದಾಗಲೆಲ್ಲ ಅನುದಾನವಿಲ್ಲ ಎಂಬ ಉತ್ತರ ಕೇಳಿಬರುತ್ತದೆ.

ಇದರ ನಡುವೆ ನಾವು ಮರೆತಿರುವ ಇನ್ನೊಬ್ಬರಿದ್ದಾರೆ. ಅವರು ಶಿಕ್ಷಕಿಯರು. ಕಲಬುರಗಿಯಿಂದ ಹಳ್ಳಿ ಶಾಲೆಗಳಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವ ಮಹಿಳೆಯರನ್ನು ಕೇಳಿ ನೋಡಿ. ಬೆಳಿಗ್ಗೆ ಮನೆ ಬಿಟ್ಟವರು ಸಂಜೆ ಮನೆ ಸೇರುವವರೆಗೆ ನೀರು ಗುಟುಕರಿಸುವುದೇ ಹೊರತು ಕುಡಿಯುವುದಿಲ್ಲ. ಶಾಲೆಯಲ್ಲಿ ಅವರಿಗೂ ಶೌಚಾಲಯವಿಲ್ಲ, ಇದ್ದರೂ ಹೋಗುವಂತಿಲ್ಲ. ಇಪ್ಪತ್ತು ವರ್ಷ ಹೀಗೆ ತಡೆದುಕೊಂಡು ಬದುಕಿದವರಿಗೆ ತಡೆದುಕೊಳ್ಳುವುದೇ ಸಹಜವೆನಿಸಿಬಿಡುತ್ತದೆ. 'ತಡಕೊ' ಎಂದು ಮಗುವಿಗೆ ಹೇಳುವಾಗ ಅವರು ತಮ್ಮ ಮೈಗೆ ಪ್ರತಿದಿನ ಹೇಳಿಕೊಳ್ಳುವುದನ್ನೇ ಹೇಳುತ್ತಿದ್ದಾರೆ. ಶಿಕ್ಷಕಿಯರಿಗೆ ಶುಚಿಯಾದ ಶೌಚಾಲಯ ಕೊಡದೆ ಮಕ್ಕಳ ಬಗ್ಗೆ ಕರುಣೆ ತೋರಿಸಿರೆಂದು ಅವರನ್ನು ಕೇಳುವ ನೈತಿಕ ಹಕ್ಕು ಇಲಾಖೆಗಿಲ್ಲ.

ನೀರಿನ ಗಂಟೆಗೆ ಜೋಡಿ ಗಂಟೆ

2019ರ ನವೆಂಬರ್‌ನಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ 'ವಾಟರ್ ಬೆಲ್' ಸುದ್ದಿಯಾದ ಬೆನ್ನಲ್ಲೇ, ಆಗ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಕರ್ನಾಟಕದಲ್ಲೂ ಅದನ್ನು ತರುವುದಾಗಿ ಹೇಳಿದರು. ನಿಗದಿತ ಹೊತ್ತಿಗೆ ಗಂಟೆ ಬಾರಿಸುತ್ತದೆ, ಮಕ್ಕಳೆಲ್ಲ ಬಾಟಲಿ ತೆಗೆದು ನೀರು ಕುಡಿಯುತ್ತಾರೆ. ನಿಜಕ್ಕೂ ಒಳ್ಳೆಯ ಯೋಚನೆ. ಬಳಿಕ ಕೋವಿಡ್ ಬಂತು, ಶಾಲೆಗಳು ಮುಚ್ಚಿದವು, ಗಂಟೆ ಹಲವು ಕಡೆ ಮರೆತುಹೋಯಿತು. ಅದನ್ನು ಮತ್ತೆ ಬಾರಿಸಬೇಕು. ಆದರೆ ನೀರು ಕುಡಿಸಿದ ಮೇಲೆ ಮುಕ್ಕಾಲು ತಾಸಿನಲ್ಲಿ ಕಿರುಬೆರಳುಗಳು ಏಳುತ್ತವೆ ಎಂಬುದನ್ನು ಗಂಟೆ ಬಾರಿಸುವವರು ಮೊದಲೇ ಒಪ್ಪಿಕೊಂಡಿರಬೇಕು.

ಸವಲತ್ತು ಬಂದ ಮಾತ್ರಕ್ಕೆ ಈ ಸಮಸ್ಯೆ ತಾನಾಗಿ ಬಗೆಹರಿಯುವುದಿಲ್ಲ ಎಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ. ನೀರು, ಬಾಗಿಲು, ಸಾಬೂನು ಎಲ್ಲ ಇರುವ ಅಲ್ಲಿಯ ಶಾಲೆಗಳಲ್ಲೂ 2023ರ ಫೆಬ್ರುವರಿಯಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದು ಪ್ರತಿಭಟಿಸಿದರು. ಪಾಠದ ಹೊತ್ತಿನಲ್ಲಿ ಶೌಚಾಲಯ ಬಳಕೆಗೆ ಹೇರಿದ ನಿರ್ಬಂಧವೇ ಕಾರಣ. ಮಕ್ಕಳ ಮೂತ್ರಕೋಶ, ಕರುಳಿನ ಆರೋಗ್ಯಕ್ಕಾಗಿಯೇ ದುಡಿಯುವ 'ಎರಿಕ್' ಎಂಬ ಸಂಸ್ಥೆ ಅಲ್ಲಿದೆ. ಶಾಲೆಯಲ್ಲಿ ಮಗುವಿಗೆ ಬೇಕೆನಿಸಿದಾಗ ಹೋಗುವ ಹಕ್ಕಿರಬೇಕೆಂದು ಅದು ಅಭಿಯಾನ ನಡೆಸುತ್ತಾ ಬಂದಿದೆ. ನಮ್ಮಲ್ಲಿ ಈ ವಿಷಯಕ್ಕೆಂದೇ ದನಿ ಎತ್ತುವವರನ್ನು ಹುಡುಕಬೇಕು.

ಹಾಗಾದರೆ ನಿಯಮವೇ ಬೇಡವೇ? ಬೇಕು. ಆದರೆ ಅದು ಬರೆದಿಟ್ಟ ನಿಯಮವಾಗಿರಬೇಕು, ಮಗುವಿನ ಪರವಾಗಿರಬೇಕು. ಕೇಳಿದ ಮಗುವಿಗೆ ಇಲ್ಲವೆನ್ನುವಂತಿಲ್ಲ, ಇದು ಮೊದಲನೆಯದು. ಸಣ್ಣ ತರಗತಿಯವರು ಜೋಡಿಯಾಗಿ ಹೋಗಲಿ, ಸುರಕ್ಷತೆಯ ಚಿಂತೆ ಅಲ್ಲಿಗೆ ಅರ್ಧ ಕಳೆಯುತ್ತದೆ. ದೊಡ್ಡ ಮಕ್ಕಳು ಮೇಜಿನ ಮೇಲಿಟ್ಟ ಕಾರ್ಡ್ ಎತ್ತಿಕೊಂಡು ಸದ್ದಿಲ್ಲದೆ ಹೋಗಿ ಬರಲಿ. ಒಂದು ಕಾರ್ಡ್ ಹುಡುಗಿಯರಿಗೆ, ಒಂದು ಹುಡುಗರಿಗೆ. ಕಾರಣ ಕೇಳುವುದು ಬೇಡ, ಪಾಠ ನಿಲ್ಲುವುದೂ ಇಲ್ಲ. ನೆಪ ಹೇಳುವವನು ಒಬ್ಬನಿದ್ದರೆ ಅವನನ್ನು ಪಕ್ಕಕ್ಕೆ ಕರೆದು ಮಾತಾಡಿ, ಉಳಿದ ನಲವತ್ತೊಂಬತ್ತು ಮಂದಿಗೆ ಅದಕ್ಕಾಗಿ ಬಾಗಿಲು ಹಾಕಬೇಡಿ. ಇಂಟರ್ವಲ್ ಅನ್ನು ತರಗತಿವಾರು ಹತ್ತು ಹತ್ತು ನಿಮಿಷ ಮುಂದೆ ಹಿಂದೆ ಮಾಡಿದರೆ ಸಾಲು ತಾನಾಗಿ ಕರಗುತ್ತದೆ. ಇದಕ್ಕೆ ನಯಾಪೈಸೆ ಖರ್ಚಿಲ್ಲ. ಟ್ಯೂಷನ್, ನೀಟ್ ಕೋಚಿಂಗ್ ನಡೆಸುವವರಿಗೂ ಇದೇ ಮಾತು ಅನ್ವಯ. ಒಂದೇ ಸಮನೆ ಮೂರು ನಾಲ್ಕು ತಾಸು ಕೂರಿಸುವವರು ಫೀಸು ತೆಗೆದುಕೊಳ್ಳುವಾಗ ಶೌಚಾಲಯವನ್ನೂ ತೋರಿಸಬೇಕು.

ಖರ್ಚು ಬೇಡುವುದು ನೀರು ಮತ್ತು ತೊಳೆಯುವ ಕೈಗಳು. ಸಂವಿಧಾನದ 371ಜೆ ವಿಧಿಯ ಬಲದಿಂದ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯಿದೆ, ಅದಕ್ಕೆ ಪ್ರತಿವರ್ಷ ಅನುದಾನವಿದೆ. ಕಲ್ಯಾಣ ಕರ್ನಾಟಕದ ಶಾಲೆಗಳಿಗೆ ಕೊಠಡಿ ಕಟ್ಟಲು ಹಣ ಸಿಗುತ್ತದೆ. ಆ ಕೊಠಡಿಯಲ್ಲಿ ಕೂತ ಮಗು ಎದ್ದು ಹೋಗುವ ಜಾಗಕ್ಕೂ ಅದೇ ಹಣದಲ್ಲಿ ಟ್ಯಾಂಕು, ಪಂಪು, ತಿಂಗಳ ಸಂಬಳದ ಸ್ವಚ್ಛತಾ ಸಿಬ್ಬಂದಿ ಬರಲಿ. ಫಲಿತಾಂಶದಲ್ಲಿ ಜಿಲ್ಲೆಯನ್ನು ಕೊನೆಯ ಸ್ಥಾನದಿಂದ ಮೇಲೆತ್ತಲು ಹೊರಟವರು, ಹೊಟ್ಟೆಯ ಕೆಳಗೆ ನೋವು ಒತ್ತಿಹಿಡಿದು ಕೂತ ಹುಡುಗಿಯ ತಲೆಗೆ ಬೀಜಗಣಿತ ಇಳಿಯುವುದಿಲ್ಲ ಎಂಬುದನ್ನು ತಿಳಿದುಕೊಂಡರೆ ಒಳ್ಳೆಯದು.

ಕೊನೆಯದಾಗಿ ಖೂಬಾ ಪ್ಲಾಟ್‌ನ, ಕಮಲಾಪುರದ, ಈ ಪುರವಣಿ ಓದುತ್ತಿರುವ ಎಲ್ಲ ತಂದೆತಾಯಂದಿರಲ್ಲಿ ಒಂದು ಕೋರಿಕೆ. ಮುಂದಿನ ಪೋಷಕರ ಸಭೆಗೆ, ಎಸ್‌ಡಿಎಂಸಿ ಸಭೆಗೆ ಹೋದಾಗ ಅಂಕಪಟ್ಟಿಗೆ ಕೈ ಚಾಚುವ ಮೊದಲು ಮಕ್ಕಳ ಶೌಚಾಲಯ ಎಲ್ಲಿದೆ ಎಂದು ಕೇಳಿ. ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಿ, ಚಿಲಕ ಹಾಕಿ ನೋಡಿ. ಪಾಠದ ನಡುವೆ ಮಗು ಕೇಳಿದರೆ ನಿಮ್ಮ ಶಾಲೆಯ ನಿಯಮ ಏನು ಎಂದು ಮುಖ್ಯೋಪಾಧ್ಯಾಯರನ್ನು ವಿಚಾರಿಸಿ, ಉತ್ತರವನ್ನು ಬರೆದುಕೊಡಲು ಹೇಳಿ. ಸಭೆಯ ನಡಾವಳಿ ಪುಸ್ತಕದಲ್ಲಿ ಅದು ದಾಖಲಾಗಲಿ. ಕೇಳಿದ ಮೇಲೂ ಮಗುವನ್ನು ತಡೆದು ಕೂರಿಸುತ್ತಿದ್ದರೆ ಬ್ಲಾಕ್ ಶಿಕ್ಷಣಾಧಿಕಾರಿಗೆ ಲಿಖಿತ ದೂರು ಕೊಡಿ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ.